ಶಿಲುಬೆ

ಕನ್ನಡದ ‘ಶಿಲುಬೆ’ಯ ಮೂಲ ಸಿರಿಯಕ್ ಭಾಷೆಯ ‘ಸ್ಲೀಬಾ’. ಸುರಿಯಾನಿ ಕ್ರೈಸ್ತರ ಆರಾಧನೆಯ ಜೊತೆ ಕೇರಳಕ್ಕೆ ಬಂದ ಈ ಪದ ಮಲಯಾಳದಲ್ಲಿ ‘ಸ್ಲೀವ’, ತಮಿಳಿನಲ್ಲಿ ‘ಸಿಲುವೈ’, ತೆಲುಗಿನಲ್ಲಿ ‘ಸಿಲುವ’. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ‘ಖುರಿಸ್’ ಮಾತ್ರ ಪೋರ್ಚುಗೀಸಿನಿಂದ ಬಂದದ್ದು.

ರೋಮನ್ನರಿಗೆ ಶಿಲುಬೆ ಗುಲಾಮರನ್ನೂ ದಂಗೆಕೋರರನ್ನೂ ಕೊಲ್ಲುತ್ತಿದ್ದ ಮರ. ಯೇಸುವಿನ ಮರಣದಿಂದ ಅದು ನಂಬಿಕೆಯ ಗುರುತಾಯಿತು. ‘ಶಿಲುಬೆ ಹೊರು’ ಎಂದರೆ ನೋವನ್ನು ವಿಶ್ವಾಸದಿಂದ ತಾಳಿಕೊಳ್ಳುವುದು. ಇದನ್ನು ಕರ್ಮಫಲದ ಅರ್ಥದಲ್ಲಿ ಬಳಸುವುದು ಸರಿಯಲ್ಲ. ತಂದೆಯ ದೋಷ ಮೂರು ನಾಲ್ಕು ತಲೆಮಾರಿಗೆ ತಟ್ಟುತ್ತದೆಂಬ ಮಾತು ವಿಮೋಚನಕಾಂಡದಲ್ಲಿದೆ, ನಿಜ. ಆದರೆ ಯೆಹೆಜ್ಕೇಲನ 18ನೇ ಅಧ್ಯಾಯ ಮಗ ತಂದೆಯ ಪಾಪ ಹೊರಬೇಕಿಲ್ಲ ಎನ್ನುತ್ತದೆ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ಹೆತ್ತವರದೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ.

ನಿರ್ದೋಷಿಗೆ ನೋವೇಕೆ ಎಂಬ ಈ ಪ್ರಶ್ನೆ ಕರ್ನಾಟಕದಲ್ಲಿ ಬರೀ ಗ್ರಂಥದ್ದಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ಯಾಥೊಲಿಕರನ್ನು ಮನೆ ಜಮೀನು ಬಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸೆರೆ ಮುಗಿದದ್ದು 1799ರಲ್ಲಿ. ದಾರಿಯಲ್ಲೂ ಸೆರೆಯಲ್ಲೂ ಸತ್ತವರೆಷ್ಟು ಎಂಬಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮರಳಿದವರ ಮನೆತನಗಳಲ್ಲಿ ಆ ನೆನಪು ತಲೆಮಾರುಗಳನ್ನು ದಾಟಿ ಬಂದಿದೆ. ನಿರಪರಾಧಿಗಳಿಗೇಕೆ ಈ ಶಿಕ್ಷೆ ಎಂಬುದಕ್ಕೆ ಶಿಲುಬೆ ಕಾರಣ ಕೊಡದು. ಆ ನೋವಿನಲ್ಲಿ ದೇವರೂ ಪಾಲುದಾರ ಎಂದಷ್ಟೇ ಅದು ಹೇಳುತ್ತದೆ, ಅದೇನೂ ಸಣ್ಣ ಮಾತಲ್ಲ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಚರ್ಚುಗಳಲ್ಲಿ ‘ಶಿಲುಬೆಯ ಹಾದಿ’ ನಡೆಯುತ್ತದೆ: 14 ಸ್ಥಳಗಳಲ್ಲಿ ನಿಂತು, ಮಂಡಿಯೂರಿ, ಪ್ರಾರ್ಥನೆ. ‘ಶಿಲುಬೆಗೇರಿಸು’ ಕ್ರಿಯಾಪದ ಧರ್ಮದಾಚೆಗೂ ಹೋಗಿ, ನಿರ್ದೋಷಿಯನ್ನು ಬಲಿಕೊಡುವುದೆಂಬ ಅರ್ಥದಲ್ಲಿ ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ.