ಮೆದುಳಿಗೂ ತುಕ್ಕು ಹಿಡಿಯುತ್ತದೆಯೇ?

‘ಅರವತ್ತಕ್ಕೆ ಅರಳು ಮರಳು’ ಅಂತ ನಮ್ಮ ಕಡೆ ಒಂದು ಮಾತಿದೆ. ವಯಸ್ಸಾದವರು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ಹುಟ್ಟಿ ಬೆಳೆದ ಊರಲ್ಲೇ ದಾರಿ ತಪ್ಪಿದರೆ, ಈ ಮಾತು ಹೇಳಿ ಸುಮ್ಮನಾಗುತ್ತೇವೆ. ಆದರೆ ಇಂಥ ಮರೆವು ಬರೀ ವಯಸ್ಸಿನದಲ್ಲ. ಬಹಳ ಸಲ ಅದು ಕಾಯಿಲೆ. ಅದರಲ್ಲಿ ಹೆಚ್ಚು ಜನರನ್ನು ಕಾಡುವುದು ಅಲ್ಝೈಮರ್.

ಈಗ ಮೊಬೈಲ್ ತೆರೆದರೆ ಸಾಕು, ‘ಆಂಟಿಆಕ್ಸಿಡೆಂಟ್ ಮಾತ್ರೆ ತಗೊಳ್ಳಿ, ನೆನಪಿನ ಶಕ್ತಿ ಉಳಿಸಿಕೊಳ್ಳಿ’ ಎಂಬ ಜಾಹೀರಾತು ಬರುತ್ತದೆ. ಈ ಮಾತು ಎಲ್ಲಿಂದ ಬಂತು? ಇದರಲ್ಲಿ ನಿಜವೆಷ್ಟು? ತಿಳಿಯಬೇಕಾದರೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಫ್ರಾಂಕ್‌ಫರ್ಟ್‌ನ ಆ ಹೆಂಗಸು

1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ ಹೆಂಗಸನ್ನು ಸೇರಿಸಿದರು. ಆಕೆಗೆ ಆಗ 51 ವರ್ಷ. ಕೇಳಿದ ಪ್ರಶ್ನೆ ಸ್ವಲ್ಪ ಹೊತ್ತಿಗೇ ಮರೆತು ಹೋಗುತ್ತಿತ್ತು. ಆಕೆಯನ್ನು ನೋಡಿದ ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಎಲ್ಲವನ್ನೂ ಬರೆದಿಟ್ಟರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೆದುಳು ಸೊರಗಿತ್ತು. ನರಕೋಶಗಳ ಒಳಗೆ ಸಿಕ್ಕು ಬಿದ್ದ ನೂಲಿನಂಥ ಗಂಟುಗಳು, ಹೊರಗೆ ಅಲ್ಲಲ್ಲಿ ಗಷ್ಟು ಕಟ್ಟಿದಂಥ ಚುಕ್ಕೆಗಳು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ವೈದ್ಯರ ಸಭೆಯ ಮುಂದೆ ಇದನ್ನು ಇಟ್ಟರು. 1910ರಲ್ಲಿ ಈ ಕಾಯಿಲೆಗೆ ಅವರದೇ ಹೆಸರು ಬಂತು.

ಗಂಟು ಕಂಡಿತು, ಗಷ್ಟು ಕಂಡಿತು. ಆದರೆ ಕೋಶಗಳು ಸಾಯುವುದು ಯಾಕೆ ಎಂಬುದು ಕಾಣಲಿಲ್ಲ.

ಉಸಿರೇ ಉರಿಯಾದರೆ

ಇನ್ನೊಂದು ಸುಳಿವು ಬೇರೆಯೇ ದಾರಿಯಿಂದ ಬಂತು. 1954ರಲ್ಲಿ ಅರ್ಜೆಂಟೀನಾದ ವಿಜ್ಞಾನಿ ರೆಬೆಕಾ ಗೆರ್ಶ್‌ಮನ್ ಮತ್ತು ಅವರ ಜೊತೆಗಾರರು ಒಂದು ವಿಷಯ ಮುಂದಿಟ್ಟರು. ಅತಿಯಾದ ಆಮ್ಲಜನಕವೂ ಎಕ್ಸ್-ರೇ ಕಿರಣವೂ ದೇಹವನ್ನು ಕೆಡಿಸುವ ರೀತಿ ಒಂದೇ. ಎರಡರಲ್ಲೂ ಕೆಲಸ ಮಾಡುವುದು ‘ಫ್ರೀ ರ‍್ಯಾಡಿಕಲ್’ ಎಂಬ ಚಂಚಲ ಕಣಗಳು. 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಇನ್ನೂ ಮುಂದೆ ಹೋಗಿ, ನಾವು ಮುದುಕರಾಗುವುದೇ ಈ ಕಣಗಳಿಂದ ಎಂದರು. ಹೆಚ್ಚು ಜನ ನಂಬಲಿಲ್ಲ. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಈ ಕಣಗಳನ್ನು ಆರಿಸುವ ಕಿಣ್ವವೊಂದು ನಮ್ಮ ದೇಹದಲ್ಲೇ ಇದೆ ಎಂದು ತೋರಿಸಿದರು. ಬೆಂಕಿಯೇ ಇಲ್ಲದಿದ್ದರೆ ಆರಿಸುವವರು ಯಾಕೆ ಬೇಕು? ಆಮೇಲೆ ಎಲ್ಲರೂ ಇತ್ತ ತಿರುಗಿದರು.

ಕಣಗಳು ಹೆಚ್ಚಾಗಿ, ಆರಿಸುವ ಶಕ್ತಿ ಕಡಿಮೆಯಾದ ಸ್ಥಿತಿಗೆ ‘ಆಕ್ಸಿಡೇಟಿವ್ ಸ್ಟ್ರೆಸ್’ ಎನ್ನುತ್ತಾರೆ. 1985ರಲ್ಲಿ ಈ ಹೆಸರಿಗೆ ಸರಿಯಾದ ಅರ್ಥ ಕಟ್ಟಿಕೊಟ್ಟವರು ಜರ್ಮನಿಯ ಹೆಲ್ಮುಟ್ ಸೀಸ್. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಹಳೇ ಶೇಂಗಾ ಎಣ್ಣೆ ಕಮಟು ವಾಸನೆ ಬರುವುದು, ಇವೆರಡೂ ಆಮ್ಲಜನಕದ ಇಂಥದೇ ಕೆಲಸ.

ಮೆದುಳಿಗೆ ಈ ಅಪಾಯ ಹೆಚ್ಚು. ದೇಹದ ತೂಕದಲ್ಲಿ ಅದು ಶೇಕಡಾ 2ರಷ್ಟು. ಆದರೆ ನಾವು ಎಳೆದುಕೊಳ್ಳುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಅಲ್ಲಿ ಬೇಗ ಕಮಟಾಗುವ ಕೊಬ್ಬೂ ಇದೆ, ಕಬ್ಬಿಣದ ಅಂಶವೂ ಇದೆ. 1990ರ ದಶಕದಲ್ಲಿ ಅಮೆರಿಕದ ಕೆಂಟಕಿಯ ವಿಲಿಯಂ ಮಾರ್ಕ್ಸ್‌ಬೆರಿ ಮತ್ತಿತರರು ಅಲ್ಝೈಮರ್ ಬಂದು ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದರು. ಕೊಬ್ಬು, ಪ್ರೋಟೀನ್, ಡಿಎನ್‌ಎ ಮೂರರಲ್ಲೂ ಈ ಹಾನಿಯ ಗುರುತು ಸಿಕ್ಕಿತು.

ಮಾತ್ರೆಯ ಪರೀಕ್ಷೆ

ತುಕ್ಕು ಇದೆ ಎಂದಾದರೆ ತುಕ್ಕು ತಡೆಯುವ ಮಾತ್ರೆ ಕೊಟ್ಟರಾಯಿತಲ್ಲ? ಎಲ್ಲರೂ ಹಾಗೇ ಯೋಚಿಸಿದರು. ಆಯ್ಕೆಯಾದದ್ದು ವಿಟಮಿನ್ ಇ.

1997ರಲ್ಲಿ 341 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಹೊರಬಂತು. ಪರಾವಲಂಬಿಯಾಗುವುದು, ಆರೈಕೆ ಕೇಂದ್ರ ಸೇರುವುದು ಸ್ವಲ್ಪ ತಡವಾಯಿತು. ನೆನಪು ಮಾತ್ರ ಸುಧಾರಿಸಲಿಲ್ಲ. 2005ರಲ್ಲಿ, ಮರೆವು ಆಗತಾನೇ ಶುರುವಾದ 769 ಜನರ ಫಲ ಬಂತು. ವಿಟಮಿನ್ ಇ ಕಾಯಿಲೆಯನ್ನು ತಡೆಯಲಿಲ್ಲ. 2014ರಲ್ಲಿ ಅಮೆರಿಕದ 613 ಮಾಜಿ ಸೈನಿಕರಲ್ಲಿ, ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ಕುಂದುವುದು ಸುಮಾರು ಆರು ತಿಂಗಳು ನಿಧಾನವಾಯಿತು. 2017ರಲ್ಲಿ, 7,500ಕ್ಕೂ ಹೆಚ್ಚು ಆರೋಗ್ಯವಂತ ಗಂಡಸರ ಅಧ್ಯಯನ ವಿಟಮಿನ್ ಇ ಮತ್ತು ಸೆಲೆನಿಯಂ ಮಾತ್ರೆಯಿಂದ ಮರೆವಿನ ಕಾಯಿಲೆ ತಪ್ಪುವುದಿಲ್ಲ ಎಂದಿತು.

ಹೀಗ್ಯಾಕಾಯಿತು? ಮರೆವು ಹೊರಗೆ ಕಾಣುವ ಎಷ್ಟೋ ವರ್ಷ ಮೊದಲೇ ಕಾಯಿಲೆ ಒಳಗೆ ಶುರುವಾಗಿರುತ್ತದೆ. ನುಂಗಿದ ಮಾತ್ರೆಯೆಲ್ಲ ಮೆದುಳಿಗೆ ತಲುಪುವುದೂ ಇಲ್ಲ. ಜೊತೆಗೆ ಆ ಚಂಚಲ ಕಣಗಳು ಪೂರಾ ಶತ್ರುಗಳೂ ಅಲ್ಲ, ರೋಗಾಣು ಕೊಲ್ಲಲು ದೇಹಕ್ಕೆ ಅವೂ ಬೇಕು. ಎಲ್ಲಕ್ಕಿಂತ ಮುಖ್ಯ, ಸುಟ್ಟ ಮನೆಯಲ್ಲಿ ಬೂದಿ ಸಿಕ್ಕಿತೆಂದು ಬೂದಿಯೇ ಬೆಂಕಿ ಹಚ್ಚಿತು ಎನ್ನಲಾಗದು. ಆಕ್ಸಿಡೇಟಿವ್ ಸ್ಟ್ರೆಸ್ ಈ ಕಾಯಿಲೆಯ ಒಂದು ಎಳೆ. ಇಡೀ ಹಗ್ಗ ಅದೊಂದೇ ಅಲ್ಲ.

ನಮಗೇನು?

ಆ ಪರೀಕ್ಷೆಗಳಲ್ಲಿ ಕೊಟ್ಟದ್ದು ದಿನದ ಅಗತ್ಯಕ್ಕಿಂತ ಹತ್ತಾರು ಪಟ್ಟು ಹೆಚ್ಚಿನ ಮಾತ್ರೆ, ಅದೂ ವೈದ್ಯರ ಕಣ್ಣಳತೆಯಲ್ಲಿ. ಹೆಚ್ಚಿನ ವಿಟಮಿನ್ ಇ ರಕ್ತಸ್ರಾವದ ಅಪಾಯ ತರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ದುಡ್ಡು ಕೊಟ್ಟು ಡಬ್ಬಿ ತರುವ ಮೊದಲು ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಬಿಪಿ, ಸಕ್ಕರೆ ಹತೋಟಿ, ಬೀಡಿ ಬಿಡುವುದು, ಕಿವಿ ಮಂದವಾದರೆ ತೋರಿಸುವುದು, ಇವು ಅಪಾಯವನ್ನು ಕಡಿಮೆ ಮಾಡುತ್ತವೆ.

ಹುಡುಕಾಟ ನಿಂತಿಲ್ಲ, ಅದು ನಮ್ಮ ಹಳ್ಳಿಗೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ ಸಾವಿರಾರು ಜನರ ನೆನಪು ಮತ್ತು ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ. ಫ್ರಾಂಕ್‌ಫರ್ಟ್‌ನ ಒಬ್ಬ ಹೆಂಗಸಿನಿಂದ ಶುರುವಾದ ಪ್ರಶ್ನೆಗೆ ಉತ್ತರದ ಒಂದು ತುಣುಕು ಅಲ್ಲಿನ ರೈತರಿಂದಲೂ ಸಿಗಬಹುದು.