ಕಛ್‌ನ 'ಸೇತು' ಕೇಂದ್ರಗಳು ಮತ್ತು ಜನಪದ ವಸತಿ

2001ರ ಜನವರಿ 26ರಂದು ಗುಜರಾತಿನ ಕಛ್ ಜಿಲ್ಲೆಯಲ್ಲಿ ಸಂಭವಿಸಿದ ಭೂಕಂಪದ ಚರಿತ್ರೆಯನ್ನು ಸಾವುನೋವಿನ ಲೆಕ್ಕದಲ್ಲಿಯೇ ಮುಗಿಸುವುದು ವಾಡಿಕೆ. ಪರಿಹಾರ ನೀಡುವ ಆಡಳಿತಕ್ಕೂ ಪಡೆಯಬೇಕಾದ ಹಳ್ಳಿಗೂ ನಡುವೆ ಮಾತುಕತೆ ಸಾಧ್ಯವಾದ ಬಗೆಯೂ ಆ ಚರಿತ್ರೆಯ ಭಾಗವೇ. 1998ರ ಚಂಡಮಾರುತದ ತರುವಾಯ ಅಲ್ಲಿನ ಸ್ವಯಂಸೇವಾ ಸಂಸ್ಥೆಗಳು 'ಕಛ್ ನವನಿರ್ಮಾಣ ಅಭಿಯಾನ'ವೆಂಬ ಒಕ್ಕೂಟ ಕಟ್ಟಿಕೊಂಡಿದ್ದವು. ಭೂಕಂಪದ ನಂತರ ಈ ಒಕ್ಕೂಟ ಕೆಲವು ಹಳ್ಳಿಗಳಿಗೆ ಒಂದರಂತೆ 'ಸೇತು' ಕೇಂದ್ರಗಳನ್ನು ತೆರೆಯಿತು. ಹಾನಿಯ ವಿವರ ಸಂಗ್ರಹಿಸುವುದು, ಸರಕಾರಿ ಆದೇಶಗಳನ್ನು ಜನರಿಗೆ ತಿಳಿಯಹೇಳುವುದು, ಹಳ್ಳಿಯ ಅಹವಾಲನ್ನು ಅಧಿಕಾರಿಗಳಿಗೆ ಮುಟ್ಟಿಸುವುದು ಇವುಗಳ ಕೆಲಸವಾಗಿತ್ತು.

ಜಾನಪದ ಅಧ್ಯಯನಕ್ಕೆ ಇಲ್ಲಿ ಮುಖ್ಯವಾದುದು ಮನೆಯ ಪ್ರಶ್ನೆ. ಬನ್ನಿ ಪ್ರದೇಶದ 'ಭುಂಗಾ' ಎಂಬ ದುಂಡು ಮಣ್ಣಿನ ಮನೆಗಳು ಕಂಪನವನ್ನು ಬಹುಮಟ್ಟಿಗೆ ತಾಳಿಕೊಂಡವು. ದುಂಡನೆಯ ಗೋಡೆ, ಹಗುರವಾದ ಹುಲ್ಲುಮಾಡು ಅದಕ್ಕೆ ಕಾರಣ. ಊರುಗಳನ್ನೇ ಸ್ಥಳಾಂತರಿಸುವ ಸರಕಾರದ ಆರಂಭಿಕ ಆಲೋಚನೆಯನ್ನು ಬಹುಪಾಲು ಹಳ್ಳಿಗಳು ಒಪ್ಪಲಿಲ್ಲ. ಸಹಾಯಧನ ಕಂತುಗಳಲ್ಲಿ ಮನೆಯೊಡೆಯರ ಕೈಸೇರಿತು. ಹಂತಹಂತವಾಗಿ ಎಂಜಿನಿಯರುಗಳು ಕಟ್ಟಡ ಪರೀಕ್ಷಿಸಿದರು. ಇತ್ತ ಕೆಲವು ಸಂಸ್ಥೆಗಳು ಹಳ್ಳಿಗಳನ್ನು ದತ್ತು ಪಡೆದು ಗುತ್ತಿಗೆದಾರರಿಂದ ಒಂದೇ ಅಚ್ಚಿನ ಮನೆಗಳನ್ನು ಕಟ್ಟಿಸಿದವು. ಜನರಿಗೆ ಹೆಚ್ಚು ಒಪ್ಪಿಗೆಯಾದುದು ತಾವೇ ಕಟ್ಟಿಕೊಂಡ ಮನೆ. ಸ್ವಯಂಸೇವಾ ಸಂಸ್ಥೆಯೆಂದ ಮಾತ್ರಕ್ಕೆ ಜನರ ಮಾತು ಕೇಳುತ್ತದೆಂದು ಭಾವಿಸುವ ನಮ್ಮ ಬರಹಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ಪುನರ್ನಿರ್ಮಾಣದ ನಂತರವೂ 'ಸೇತು' ನಿಲ್ಲಲಿಲ್ಲ. ಗ್ರಾಮಪಂಚಾಯತಿಗಳ ಬಲವರ್ಧನೆಯನ್ನೇ ತನ್ನ ಕೆಲಸವಾಗಿಸಿಕೊಂಡಿತು.