ಎರಡು ರಿಂಗು, ಇಪ್ಪತ್ತೆಂಟು ದಿನ

ವಡೋದರಾದ ದಕ್ಷಿಣ ಅಂಚಿನಲ್ಲಿ ಮಕರಪುರ. 1870ರಲ್ಲಿ ಖಂಡೇರಾವ್ ಗಾಯಕವಾಡ ಬೇಸಿಗೆಯ ವಾಸಕ್ಕೆಂದು ಕಟ್ಟಿಸಿದ ಅರಮನೆ ಈಗ ವಾಯುಪಡೆಯ ವಶದಲ್ಲಿದೆ. ಒಂದು ಕಡೆ ಜಿಐಡಿಸಿ ಕೈಗಾರಿಕಾ ವಸಾಹತಿನ ಶೆಡ್ಡುಗಳು, ಇನ್ನೊಂದು ಕಡೆ ಮಕರಪುರ ರಸ್ತೆಯ ಒಎನ್‌ಜಿಸಿ ಕಚೇರಿ. ಇಂಥ ಜಾಗಕ್ಕೆ ಕನ್ನಡದವರು ಬರುವುದು ವರ್ಗಾವಣೆಯ ಕಾಗದ ಹಿಡಿದು, ಇಲ್ಲವೇ ಕೆಲಸ ಅರಸಿಕೊಂಡು. ಹಾಗೆ ಬಂದವರ ಫೋನಿನಲ್ಲಿ ಬಹುಮಟ್ಟಿಗೆ ಎರಡು ಸಿಮ್ ಇರುತ್ತವೆ. ಗುಜರಾತಿನದು ಮಾತಿಗೆ ಮತ್ತು ಡೇಟಾಗೆ. ಕರ್ನಾಟಕದ್ದು ಮಾತ್ರ ಸುಮ್ಮನೆ ಕೂತಿರುತ್ತದೆ. ಆಧಾರ್‌ಗೆ, ಊರಿನ ಬ್ಯಾಂಕಿಗೆ, ಪಿಎಫ್‌ಗೆ ಕೊಟ್ಟ ನಂಬರು ಅದು. ಒಟಿಪಿ ಬರುವುದು ಅದಕ್ಕೇ. ಅದರಿಂದ ಯಾರೂ ಕರೆ ಮಾಡುವುದಿಲ್ಲ. ಅದು ಬದುಕಿದ್ದರೆ ಸಾಕು.

ಸುಮ್ಮನೆ ಕೂತಿರುವ ಆ ಸಿಮ್‌ಗೆ 2018ಕ್ಕೆ ಮೊದಲು ಹೆಚ್ಚುಕಮ್ಮಿ ಏನೂ ಖರ್ಚಿರಲಿಲ್ಲ. 2024ರ ಜುಲೈಯ ದರದಂತೆ ದೊಡ್ಡ ಖಾಸಗಿ ಕಂಪನಿಯ 199 ರೂಪಾಯಿಯ ಪ್ಲಾನನ್ನು 28 ದಿನಕ್ಕೊಮ್ಮೆ ಹಾಕಿಸುತ್ತ ಹೋದರೆ ವರ್ಷಕ್ಕೆ 2,587 ರೂಪಾಯಿ. ಮಾತು ಅಗ್ಗವಾದ ಕಥೆಯನ್ನು ನಾವು ಬಹಳ ಸಲ ಕೇಳಿದ್ದೇವೆ. ಕರೆಗಾಗಿ ಕಾಯುತ್ತ ಇರುವುದು ತುಟ್ಟಿಯಾದ ಕಥೆ ಅಷ್ಟು ಪ್ರಚಾರದಲ್ಲಿಲ್ಲ.

ಅದರ ಮೊದಲ ಅಧ್ಯಾಯದಲ್ಲಿ ವಡೋದರಾಕ್ಕೂ ಕಿತ್ತೂರಿಗೂ ಒಂದು ನಂಟಿದೆ. ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ ಸ್ಯಾಮ್ ಪಿತ್ರೋಡಾ 1964ರಲ್ಲಿ ಅಮೆರಿಕಕ್ಕೆ ಹೋಗುವವರೆಗೂ ಟೆಲಿಫೋನ್ ಬಳಸಿದವರಲ್ಲ. ಅದೇ ಮನುಷ್ಯ ಎರಡು ದಶಕದ ನಂತರ ಹಿಂತಿರುಗಿ, 1984ರಲ್ಲಿ ಶುರುವಾದ ಸಿ-ಡಾಟ್‌ನ ಚುಕ್ಕಾಣಿ ಹಿಡಿದರು. ಹವಾನಿಯಂತ್ರಣ ಬೇಡದ, ಧೂಳು ಸೆಕೆ ತಡೆಯುವ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜನ್ನು ಆ ಸಂಸ್ಥೆ ತಯಾರಿಸಿ 1986ರಲ್ಲಿ ಪರೀಕ್ಷೆಗೆ ಕೂಡಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದವು. ಮಕರಪುರದಿಂದ 0836 ಒತ್ತಿ ಧಾರವಾಡ ಹಿಡಿಯುವವರು ರಾತ್ರಿ ಹನ್ನೊಂದಕ್ಕೆ ಕಾಯುತ್ತಿದ್ದರು. ಆಮೇಲೆ ಕಾಲು ದರ. ಅತ್ತ ಊರಿನಲ್ಲಿ ಫೋನಿದ್ದ ಪಕ್ಕದ ಮನೆಯವರು ನಿದ್ದೆಗೆಟ್ಟು ಕೂರಬೇಕು. ಬೂತಿನ ಕೆಂಪು ಅಂಕಿಗಳು ಏರುತ್ತಿದ್ದಂತೆ ಮಾತು ಚಿಕ್ಕದಾಗುತ್ತಿತ್ತು. ಮಿತವ್ಯಯದ ಫೋನ್ ಬದುಕು ಮೊಬೈಲಿಗಿಂತ ಹಳೆಯದು.

ಮೊಬೈಲ್ ಬಂದದ್ದು 1995ರ ಜುಲೈ 31ಕ್ಕೆ, ಕಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಮಂತ್ರಿ ಸುಖರಾಂ ಅವರಿಗೆ ಮಾಡಿದ ಕರೆಯೊಂದಿಗೆ. ಆಗ ದಟ್ಟಣೆಯ ಹೊತ್ತಿನ ದರ ನಿಮಿಷಕ್ಕೆ 16 ರೂಪಾಯಿ 80 ಪೈಸೆಯವರೆಗೂ ಹೋಗುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ, ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಫೋನ್ ರಿಂಗಾದರೆ ನಂಬರು ನೋಡಿ, ಕಡಿದು, ಹತ್ತಿರದ ಬೂತಿಗೆ ಓಡಿ ವಾಪಸ್ ಮಾಡುವವರಿದ್ದರು. ಸೊಂಟದ ಮೇಲಿನ ಮೊಬೈಲು ಅವರಿಗೆ ದುಬಾರಿ ಪೇಜರ್ ಅಷ್ಟೇ.

2003ರ ಮೇ 1 ಇಡೀ ಕಥೆಯ ತಿರುವು. ಅಂದಿನಿಂದ ಕರೆ ಮಾಡಿದವರೇ ಪೂರ್ತಿ ಖರ್ಚು ಹೊರುವ ಪದ್ಧತಿ ಜಾರಿಯಾಯಿತು. ಒಳಬರುವ ಕರೆ ಉಚಿತ. ಅದೇ ವರ್ಷದ ಮಳೆಗಾಲದಲ್ಲಿ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಹ್ಯಾಂಡ್‌ಸೆಟ್ ಕೊಟ್ಟದ್ದು ಹೆಚ್ಚು ಜನಕ್ಕೆ ನೆನಪಿರಬಹುದು. ಆದರೆ ದೇಶದ ಬಡವರ ಕೈಗೆ ಫೋನ್ ಇಟ್ಟದ್ದು ಆ ಕೊಡುಗೆಗಿಂತಲೂ ಈ ನಿಯಮ. ದುಡ್ಡಿಲ್ಲದಿದ್ದರೂ ಫೋನ್ ಇಟ್ಟುಕೊಳ್ಳಬಹುದು, ಯಾರಾದರೂ ಮಾಡಿದರೆ ಎತ್ತಬಹುದು ಎಂದಾಯಿತು.

ಅಲ್ಲಿಂದ ಮಿಸ್ಡ್ ಕಾಲ್ ಒಂದು ಭಾಷೆಯಾಯಿತು. ಒಂದು ರಿಂಗು ಎಂದರೆ ತಲುಪಿದೆ, ಎರಡು ಎಂದರೆ ನೀನೇ ಮಾಡು. ಪ್ರತಿ ಮನೆಗೂ ಅದರದೇ ವ್ಯಾಕರಣ. ತಪ್ಪಿ ಯಾರಾದರೂ ಎತ್ತಿಬಿಟ್ಟರೆ ಜಗಳ. ಬೆಂಗಳೂರಿನಲ್ಲಿ 2010ರಲ್ಲಿ ಹುಟ್ಟಿದ ಜಿಪ್‌ಡಯಲ್ ಎಂಬ ಕಂಪನಿ ಈ ಜಿಪುಣತನವನ್ನೇ ವ್ಯಾಪಾರ ಮಾಡಿಕೊಂಡಿತು: ನಂಬರಿಗೆ ಮಿಸ್ಡ್ ಕಾಲ್ ಕೊಡಿ, ಮಾಹಿತಿ ನಾವು ಕಳಿಸುತ್ತೇವೆ. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು.

ಹೀಗೆ ಬರೀ ಕರೆ ತೆಗೆದುಕೊಳ್ಳುವ ಗ್ರಾಹಕನನ್ನು ಕಂಪನಿಗಳು ಸಹಿಸಿಕೊಂಡದ್ದೇಕೆ? ಔದಾರ್ಯದಿಂದಲ್ಲ. ಒಂದು ಕಂಪನಿಯ ಗ್ರಾಹಕ ಇನ್ನೊಂದರ ಗ್ರಾಹಕನಿಗೆ ಕರೆ ಮಾಡಿದರೆ, ಮಾಡಿದವನ ಕಂಪನಿ ಎತ್ತಿದವನ ಕಂಪನಿಗೆ ನಿಮಿಷದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕಿತ್ತು. 2004ರಿಂದ ಅದು 30 ಪೈಸೆ, 2009ರಲ್ಲಿ 20, 2015ರಲ್ಲಿ 14. ಅಂದರೆ ತಾನು ಎಂದೂ ಕರೆ ಮಾಡದ, ಬೇರೆ ಕಂಪನಿಯ ನಂಬರಿನಿಂದ ತಿಂಗಳಿಗೆ ನೂರು ನಿಮಿಷ ಮಗನ ಮಾತು ಕೇಳುವ ತಾಯಿ 2009ರ ದರದಲ್ಲಿ ತನ್ನ ಕಂಪನಿಗೆ 20 ರೂಪಾಯಿ ಸಂಪಾದಿಸಿ ಕೊಡುತ್ತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ, ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

ಆ ಭರವಸೆಯ ಮೇಲೆಯೇ 2005ರ ಕೊನೆಯಲ್ಲಿ ಲೈಫ್‌ಟೈಮ್ ಪ್ಲಾನುಗಳು ಬಂದವು. ಏರ್‌ಟೆಲ್‌ನದಕ್ಕೆ 999 ರೂಪಾಯಿ. ಒಮ್ಮೆ ಕಟ್ಟಿದರೆ ಒಳಬರುವ ಕರೆ ಜೀವನಪರ್ಯಂತ. ಯಾರ ಜೀವನ ಎಂಬ ಪ್ರಶ್ನೆಗೆ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮುಂದೆ ಉತ್ತರ ಕೊಟ್ಟಿತು: ಕಂಪನಿಯ ಲೈಸೆನ್ಸ್‌ನ ಜೀವನ. ಸಣ್ಣ ಅಕ್ಷರದಲ್ಲಿದ್ದ ಆ ಸಂಗತಿ ಕೊಂಡವರಿಗೆ ಕಾಣಲಿಲ್ಲ. ಮಾತು ಮಾತ್ರ ಅಗ್ಗವಾಗುತ್ತಲೇ ಹೋಯಿತು. 2006ರ ಮಾರ್ಚ್ 1ರಿಂದ ಬಿಎಸ್‌ಎನ್‌ಎಲ್‌ನ ಒನ್ ಇಂಡಿಯಾ ಪ್ಲಾನಿನಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು.

ಊರು ಬಿಟ್ಟವರಿಗೆ ಮಾತ್ರ ಒಂದು ಮುಳ್ಳು ಉಳಿದಿತ್ತು, ರೋಮಿಂಗ್. ದೇಶವನ್ನು ದೂರಸಂಪರ್ಕ ವಲಯಗಳಾಗಿ ಹಂಚಲಾಗಿತ್ತು. ಗುಜರಾತ್ ಒಂದು, ಕರ್ನಾಟಕ ಒಂದು. ವಡೋದರಾದಿಂದ ಊರಿಗೆ ರೈಲು ಹತ್ತಿದರೆ ಮುಂಬೈ ವಲಯ, ಮಹಾರಾಷ್ಟ್ರ ವಲಯ ಎಂದು ಸ್ವಾಗತದ ಸಂದೇಶಗಳು ಬರುತ್ತಿದ್ದವು, ಪ್ರತಿ ಸ್ವಾಗತಕ್ಕೂ ಎದೆ ಧಸಕ್ಕೆನ್ನುತ್ತಿತ್ತು. ಕರ್ನಾಟಕದ ಸಿಮ್ ಹಾಕಿಕೊಂಡು ಮಕರಪುರದಲ್ಲಿ ಕೂತವನಿಗೆ 2003ರ ಉಚಿತ ಅನ್ವಯಿಸುತ್ತಿರಲಿಲ್ಲ, ಎತ್ತಿದರೆ ದುಡ್ಡು. ಎರಡು ಸಿಮ್‌ನ ಅಭ್ಯಾಸ ಗಟ್ಟಿಯಾದದ್ದೇ ಹೀಗೆ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲೂ ಒಳಕರೆಯನ್ನು ಉಚಿತ ಮಾಡಿತು. ಮರುತಿಂಗಳು ನಂಬರು ಬದಲಿಸದೆ ವಲಯ ಬದಲಿಸುವ ಅವಕಾಶವೂ ಬಂತು. ಅಷ್ಟು ಹೊತ್ತಿಗೆ ಹಳೆಯ ನಂಬರಿಗೆ ಆಧಾರ್ ಅಂಟಿಕೊಂಡಿತ್ತು.

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಮಾತಿಗೆ ದುಡ್ಡೇ ಇಲ್ಲ ಎಂದಿತು. ಆ ಕಾಲದ ಸಂಭ್ರಮ ಎಲ್ಲರಿಗೂ ಗೊತ್ತು, ವಿವರಿಸಬೇಕಿಲ್ಲ. ಆಗ ನಡೆದ ಇನ್ನೊಂದು ಸಂಗತಿಯತ್ತ ಹೆಚ್ಚು ಜನ ತಿರುಗಿ ನೋಡಲಿಲ್ಲ. 2017ರ ಅಕ್ಟೋಬರ್ 1ರಿಂದ ಕಂಪನಿಗಳ ನಡುವಿನ ಆ ಶುಲ್ಕ 14 ಪೈಸೆಯಿಂದ 6ಕ್ಕೆ ಇಳಿಯಿತು. 2021ರ ಜನವರಿ 1ಕ್ಕೆ ಸೊನ್ನೆಯಾಯಿತು. ತಾಯಿಯ ನೂರು ನಿಮಿಷದ ಬೆಲೆ 20 ರೂಪಾಯಿಯಿಂದ 6ಕ್ಕೆ, ಆಮೇಲೆ ಏನೂ ಇಲ್ಲಕ್ಕೆ ಬಂತು. ಕಂಪನಿಯ ಲೆಕ್ಕದಲ್ಲಿ ಅವಳು ಈಗ ಹೊರೆ.

ಉತ್ತರ ಬರಲು ಬಹಳ ದಿನ ಬೇಕಾಗಲಿಲ್ಲ. 2018ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕನಿಷ್ಠ ರೀಚಾರ್ಜ್ ತಂದವು. 28 ದಿನಕ್ಕೊಮ್ಮೆ 35 ರೂಪಾಯಿ ಹಾಕಿಸದಿದ್ದರೆ ಮೊದಲು ಹೊರಹೋಗುವ ಕರೆ, ಆಮೇಲೆ ಒಳಬರುವುದೂ ಬಂದ್. ಖಾತೆಯಲ್ಲಿ ಹಣವಿದ್ದವರಿಗೂ, ಲೈಫ್‌ಟೈಮ್ ಕೊಂಡವರಿಗೂ ಅದೇ ಎಚ್ಚರಿಕೆಯ ಸಂದೇಶ. ಹಣವಿರುವ ಗ್ರಾಹಕರ ಸೇವೆಯನ್ನು ದಿಢೀರನೆ ನಿಲ್ಲಿಸಬೇಡಿ ಎಂದು ಟ್ರಾಯ್ ಹೇಳಿತು. ಆದರೆ ದರವನ್ನು ಕಂಪನಿಗಳಿಗೇ ಬಿಡುವುದು ಅದರ ಹಳೆಯ ನೀತಿ, ಹಾಗಾಗಿ ಪ್ಲಾನು ಉಳಿಯಿತು. ಏರ್‌ಟೆಲ್‌ನಲ್ಲಿ ಅದು 2019ರ ಕೊನೆಗೆ 45 ಆಯಿತು. 2021ರ ಜುಲೈಯಲ್ಲಿ 79, ನವೆಂಬರಿನಲ್ಲಿ 99. 2022ರ ಕೊನೆಯಲ್ಲಿ ಹರಿಯಾಣ, ಒಡಿಶಾದಿಂದ ಶುರುವಾಗಿ 155. ಮುಂದೆ 179, 2024ರ ಜುಲೈಯಲ್ಲಿ 199. ವರ್ಷಕ್ಕೆ 455 ರೂಪಾಯಿ ಬೇಡುತ್ತಿದ್ದ ಸಿಮ್ ಆರು ವರ್ಷದೊಳಗೆ 2,587 ಕೇಳತೊಡಗಿತು.

ಈ 28 ದಿನದ ತಿಂಗಳೂ ಒಂದು ಸ್ವಾರಸ್ಯ. ಯಾವ ಪಂಚಾಂಗದಲ್ಲೂ ಇಲ್ಲದ ಹದಿಮೂರನೆಯ ತಿಂಗಳನ್ನು ಅದು ವರ್ಷದೊಳಗೆ ತೂರಿಸಿತು. 2022ರ ಜನವರಿಯಲ್ಲಿ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಒಂದೊಂದು ಪ್ಲಾನನ್ನು, ಪ್ರತಿ ತಿಂಗಳು ಅದೇ ತಾರೀಖಿಗೆ ಮುಗಿಯುವ ಇನ್ನೊಂದನ್ನು ಇಡಲೇಬೇಕು ಎಂದು ಆದೇಶಿಸಿತು. ಇಟ್ಟರು. 28 ದಿನದವು ಅಂಗಡಿಯ ಮುಂದಿನ ಸಾಲಿನಲ್ಲೇ ಉಳಿದವು.

ಬಿಟ್ಟುಬಿಡಬಹುದಲ್ಲ ಆ ನಂಬರನ್ನು ಎಂದರೆ, ಬಿಟ್ಟ ನಂಬರು ಸುಮ್ಮನಿರುವುದಿಲ್ಲ. ಕಡಿತವಾಗಿ 90 ದಿನ ಕಳೆದ ಮೇಲೆ ಅದನ್ನು ಬೇರೊಬ್ಬರಿಗೆ ಕೊಡಬಹುದು. ಬ್ಯಾಂಕಿನ ಒಟಿಪಿ ಗುರುತಿಲ್ಲದವರ ಕೈಗೆ ಹೋಗುತ್ತದೆ. ಬ್ಯಾಂಕಿನಲ್ಲಿ, ಆಧಾರ್ ಕೇಂದ್ರದಲ್ಲಿ, ಪಿಎಫ್‌ನಲ್ಲಿ ಒಂದೊಂದಾಗಿ ನಂಬರು ಬದಲಿಸಲು ರಜೆ ಹಾಕಿ ಊರಿಗೆ ಹೋಗಬೇಕಾದವರಿಗೆ ರೀಚಾರ್ಜೇ ಅಗ್ಗ. 2024ರ ಜುಲೈ ಒಂದರಲ್ಲೇ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಾದದ್ದರ ಹಿಂದೆ ಈ ಲೆಕ್ಕಾಚಾರ ಇದ್ದೇ ಇತ್ತು. ಸಿಗ್ನಲ್ ಸಿಗುವ ಕಡೆ ಅದೊಂದು ದಾರಿ.

ಅದೇ ವರ್ಷದ ಡಿಸೆಂಬರ್ 23ರಂದು ಟ್ರಾಯ್ ಇನ್ನೊಂದು ಹೆಜ್ಜೆ ಇಟ್ಟಿತು. ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್ಎಂಎಸ್‌ನ ಪ್ಲಾನುಗಳನ್ನೂ ಮಾರಬೇಕು, ಅವಧಿ 365 ದಿನದವರೆಗೆ ಇರಬಹುದು ಎಂದು. ಸುಮಾರು 15 ಕೋಟಿ ಜನ ಇನ್ನೂ ಕೀಪ್ಯಾಡ್ ಫೋನಿನಲ್ಲೇ ಇದ್ದಾರೆ ಎಂಬ ಲೆಕ್ಕ ಅದರ ಮುಂದಿತ್ತು. ಅವರೆಲ್ಲ ತಮ್ಮ ಫೋನಿಗೆ ಗೊತ್ತೇ ಇಲ್ಲದ ಡೇಟಾವನ್ನು ತಿಂಗಳು ತಿಂಗಳು ಕೊಳ್ಳುತ್ತಿದ್ದರು. 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469, ವರ್ಷಕ್ಕೆ 1,849 ಎಂದಿತು. ಜಿಯೋ 84 ದಿನಕ್ಕೆ 448. ಹಿಂದಿನದಕ್ಕಿಂತ ಕಡಿಮೆ, ನಿಜ. ಆದರೆ ಮಾತಾಡಲಿ ಬಿಡಲಿ ಪೂರ್ತಿ ಮಾತಿನ ಬೆಲೆಯೇ ಅದು. ನಂಬರೊಂದು ಜೀವಂತ ಇದ್ದರೆ ಸಾಕು ಎನ್ನುವವರಿಗೆಂದು ಪ್ರತ್ಯೇಕ ದರ ಅಲ್ಲೂ ಇರಲಿಲ್ಲ.

ಮಕರಪುರದಲ್ಲಿ ಈಗ ಹಿಂದುಮುಂದಾದ ಇನ್ನೊಂದು ರೂಢಿ ಕಾಣುತ್ತದೆ. ಊರಿನ ತಾಯಿಯ ಕೀಪ್ಯಾಡ್ ಫೋನಿನ ಪ್ಲಾನು ಯಾವತ್ತು ಮುಗಿಯುತ್ತದೆಂಬುದು ಮಗನ ಫೋನಿನಲ್ಲಿ ಬರೆದಿರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿತ್ತೋ ಇಲ್ಲವೋ ಎಂಬ ಬ್ಯಾಂಕಿನ ಸಂದೇಶ ಬರುವುದು ಆ ಫೋನಿಗೆ. ಮಗ ಯುಪಿಐನಲ್ಲಿ ಹಾವೇರಿಯ ನಂಬರಿಗೂ ತನ್ನ ಸುಮ್ಮನಿರುವ ಸಿಮ್‌ಗೂ ಒಟ್ಟಿಗೆ ರೀಚಾರ್ಜ್ ಮಾಡುತ್ತಾನೆ. ಹಿಂದೆ ಮನಿಯಾರ್ಡರ್ ಹೋಗುತ್ತಿದ್ದ ಹಾದಿಯಲ್ಲಿ ಈಗ ಇದು ಹೋಗುತ್ತದೆ. ತಲುಪಿತೆಂದು ತಿಳಿಸಲು ತಾಯಿ ಈಗಲೂ ಎರಡು ರಿಂಗು ಕೊಟ್ಟು ಕಡಿಯುತ್ತಾಳೆ. ಕರೆಗೆ ದುಡ್ಡಿಲ್ಲ ಎಂದು ಅವಳಿಗೆ ಎಷ್ಟೋ ಸಲ ಹೇಳಿಯಾಗಿದೆ.